ಹಳೆಯ ಕಾರಿಗೆ ಪ್ರೊಜೆಕ್ಟರ್ ಹೆಡ್‌ಲೈಟ್: ಓರೆಯಾದ ಬೆಳಕನ್ನು ನೇರಗೊಳಿಸಿದ ಬಗೆ

ನನ್ನ ಹಳೆಯ ಕಾರಿನ ರಿಫ್ಲೆಕ್ಟರ್ (ಹೊಳೆಯುವ ಬಟ್ಟಲಿನಿಂದ ಬೆಳಕನ್ನು ಮುಂದಕ್ಕೆ ಚೆಲ್ಲುವ) ಹೆಡ್‌ಲೈಟುಗಳೊಳಗೆ ಪ್ರೊಜೆಕ್ಟರ್‌ಗಳನ್ನು (ಮಸೂರದ ಮೂಲಕ ಬೆಳಕನ್ನು ಸ್ಪಷ್ಟ ಅಂಚಿನೊಂದಿಗೆ ಹಾಯಿಸುವ ಘಟಕಗಳನ್ನು) ಕೂರಿಸಿದ ಮೇಲೆ, ಎಡಗಡೆಯ ದೀಪದ ಬೆಳಕಿನ ಮೇಲಂಚು ಓರೆಯಾಗಿ, ಎದುರಿನಿಂದ ಬರುವ ಚಾಲಕರ ಕಣ್ಣು ಕೋರೈಸುತ್ತಿತ್ತು. ಹೊಂದಾಣಿಕೆಯ ಸ್ಕ್ರೂಗಳನ್ನು ಎಷ್ಟು ತಿರುಗಿಸಿದರೂ ಫಲ ಸಿಗಲಿಲ್ಲ. ಅವು ಬೆಳಕನ್ನು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಸರಿಸಬಲ್ಲವೇ ಹೊರತು, ತನ್ನ ಅಕ್ಷದಲ್ಲೇ ವಾಲಿ ಕುಳಿತ ಪ್ರೊಜೆಕ್ಟರನ್ನು ನೇರಗೊಳಿಸಲಾರವು.

ಆದ್ದರಿಂದ ದೀಪವನ್ನು ಕಳಚಿ, ಹದವಾದ ಬಿಸಿಯಲ್ಲಿ ಅಂಟನ್ನು ಮೆದುಗೊಳಿಸಿ, ಮುಂಭಾಗದ ಹೊದಿಕೆಯನ್ನು ಮತ್ತೆ ಬಿಡಿಸಿದೆ. ಈ ಸಲ ಪ್ರೊಜೆಕ್ಟರನ್ನು ಹಿಡಿದಿಡುವ ಹಿಂಬದಿಯ ನಟ್ಟನ್ನು ಅರೆಬಿಗಿಯಾಗಿಟ್ಟು, ದೀಪವನ್ನು ಕಾರಿನಲ್ಲೇ ಜೋಡಿಸಿ, ಸಮತಟ್ಟಾದ ನೆಲದಲ್ಲಿ ಗೋಡೆಯಿಂದ 7.5 ಮೀಟರ್ ದೂರದಲ್ಲಿ ಕಾರನ್ನು ನಿಲ್ಲಿಸಿ, ಗೋಡೆಗೆ ಅಂಟಿಸಿದ ಅಡ್ಡಪಟ್ಟಿಗೆ ಬೆಳಕಿನ ಅಂಚಿನ ಚಪ್ಪಟೆ ಭಾಗವು ಸಮಾನಾಂತರವಾಗುವವರೆಗೆ ಪ್ರೊಜೆಕ್ಟರನ್ನು ತಿರುಗಿಸಿ, ಬಳಿಕವೇ ಪೂರ್ತಿ ಬಿಗಿದೆ. ಅಂಟು ಹಾಕುವ ಮೊದಲೇ ಈ ಪರೀಕ್ಷೆ ನಡೆಸುವುದು ಅತ್ಯಗತ್ಯವೆಂಬುದು ನನ್ನ ದೃಢ ಅಭಿಪ್ರಾಯ.

ಓರೆಯಾಗಿದ್ದುದಲ್ಲದೆ ಬೆಳಕು ಮಂಕಾಗಿಯೂ ಇತ್ತು; ಅದಕ್ಕೆ ಕಾರಣ ಬೇರೆಯಿತ್ತು. ಎಂಜಿನ್ ಚಾಲೂ ಇದ್ದಾಗ ಬ್ಯಾಟರಿಯಲ್ಲಿ 13.8 ವೋಲ್ಟ್ ಇದ್ದರೂ, ಹಳೆಯ ಸ್ವಿಚ್ ಮತ್ತು ಸಣ್ಣ ವೈರುಗಳನ್ನು ದಾಟಿ ಬಲ್ಬಿಗೆ ತಲುಪುತ್ತಿದ್ದುದು 12ಕ್ಕಿಂತ ಕಡಿಮೆ. ಬ್ಯಾಟರಿಯಿಂದಲೇ ಫ್ಯೂಸ್ ಸಹಿತ ದಪ್ಪ ವೈರು ಎಳೆದು ರಿಲೇ (ಹಳೆಯ ಸ್ವಿಚ್‌ನ ಸಣ್ಣ ವಿದ್ಯುತ್ತಿನಿಂದ ದೀಪದ ದೊಡ್ಡ ವಿದ್ಯುತ್ತನ್ನು ಹರಿಯಗೊಡುವ ಸ್ವಿಚ್) ಅಳವಡಿಸಿದೆ. ಕೊನೆಗೆ ಹೊದಿಕೆಯನ್ನು ಬ್ಯುಟೈಲ್ ಅಂಟಿನಿಂದ ಮುಚ್ಚಿ, ಗಾಳಿಕಿಂಡಿಗಳನ್ನು ತೆರೆದಿಟ್ಟು, ಬೆಳಕಿನ ಅಂಚನ್ನು ಅದೇ ಗೋಡೆಯ ಮೇಲೆ ದೀಪದ ಮಧ್ಯಬಿಂದುವಿಗಿಂತ 7.5 ಸೆಂಟಿಮೀಟರ್ ಕೆಳಗಿಳಿಸಿದೆ.