ಹಳೇಬೀಡಿನ ಕೆರೆಯಲ್ಲಿ ಕಲಿತು ಕಡಲ ಪಾಚಿಯ ನಕ್ಷೆ ಬಿಡಿಸಿ

ಹಾಸನದಲ್ಲಿ ಕೂತು ಕಡಲ ಪಾಚಿ ಹುಡುಕೋದಾ ಅಂತ ನಗಬೇಡಿ. ಘಟ್ಟ ಇಳಿಯುವ ಮೊದಲೇ ಮುಕ್ಕಾಲು ಕೆಲಸ ಮುಗಿಯುತ್ತದೆ. ಒಂದು ಲ್ಯಾಪ್‌ಟಾಪ್, ಇಂಟರ್ನೆಟ್, ಕ್ಯೂಜಿಐಎಸ್ ಎಂಬ ನಕ್ಷೆ ಬಿಡಿಸುವ ಪುಕ್ಕಟೆ ಸಾಫ್ಟ್‌ವೇರ್ ಇದ್ದರೆ ಸಾಕು. ಚಿತ್ರವೂ ಪುಕ್ಕಟೆಯೇ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು 2015ರಿಂದ ತೆಗೆದ ಚಿತ್ರಗಳು ಕೋಪರ್ನಿಕಸ್ ಬ್ರೌಸರ್ ಎಂಬ ವೆಬ್‌ಸೈಟಿನಲ್ಲಿ ಸಿಗುತ್ತವೆ. ಚಿತ್ರದ ಒಂದು ಚುಕ್ಕೆ, ಅಂದರೆ ಪಿಕ್ಸೆಲ್, ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ. ನಮ್ಮ ಲೆಕ್ಕದಲ್ಲಿ ಹೆಚ್ಚೂಕಮ್ಮಿ ಒಂದು ಗುಂಟೆ.

ಮೊದಲು ಹಳೇಬೀಡಿನ ದ್ವಾರಸಮುದ್ರ ಕೆರೆಯ ಚಿತ್ರ ತೆರೆಯಿರಿ. ನಿಮ್ಮೂರ ಕೆರೆಯಾದರೂ ಆದೀತು. ಹಸಿರು ಗಿಡ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಜೋರಾಗಿ ವಾಪಸ್ ಎಸೆಯುತ್ತದೆ, ಕೆಂಪನ್ನು ನುಂಗುತ್ತದೆ. ಈ ವ್ಯತ್ಯಾಸದ ಅಳತೆಯೇ ಎನ್‌ಡಿವಿಐ. ದಂಡೆಯ ಜೊಂಡು, ತೇಲುವ ಅಂತರಗಂಗೆ ಇದ್ದರೆ ಥಟ್ಟನೆ ಹೊಳೆಯುತ್ತವೆ. ನೀರಡಿಯ ಗಿಡ ಮಾತ್ರ ಮಾಯ! ಇನ್‌ಫ್ರಾರೆಡ್ ಒಂದು ಮೀಟರ್ ನೀರು ದಾಟುವಷ್ಟರಲ್ಲೇ ಬಹುತೇಕ ಮುಗಿದುಹೋಗುತ್ತದೆ. ಇದು ಗೊತ್ತಿಲ್ಲದೆ ನಾನು ಮೊದಲ ಸಲ ಅದೇ ಸೂತ್ರವನ್ನು ಸಮುದ್ರಕ್ಕೂ ಹಾಕಿ, 'ಇಲ್ಲಿ ಪಾಚಿಯೇ ಇಲ್ಲ' ಅಂತ ಬರೆದಿಟ್ಟಿದ್ದೆ.

ಈಗ ಕಡಲಿಗೆ ಹೋಗೋಣ. ಕಾರವಾರದ ಕಡೆ ಪಾಚಿ ಬಂಡೆಗೆ ಅಂಟಿ ಸಣ್ಣ ಪಟ್ಟಿಯಾಗಿ ಬೆಳೆಯುತ್ತದೆ. ಗುಂಟೆ ಗಾತ್ರದ ಚುಕ್ಕೆಗೆ ಅದು ಸಿಗುವುದು ಕಷ್ಟ. ಕಲಿಯುವವರಿಗೆ ರಾಮೇಶ್ವರದ ಹತ್ತಿರದ ಮಂಡಪಂ ವಾಸಿ. ಅಲ್ಲಿ ಹಿಂಗಾರು ಮಳೆ ಮುಗಿದ ಮೇಲೆ, ಮೋಡವಿಲ್ಲದ, ನೀರು ತಿಳಿಯಾಗಿರುವ ದಿನದ ಚಿತ್ರ ಆರಿಸಿ. ನೀರು ಇಳಿತದಲ್ಲಿದ್ದ ಹೊತ್ತಾದರೆ ಇನ್ನೂ ಒಳ್ಳೆಯದು.

ಭೂಮಿಯ ಭಾಗ ಕತ್ತರಿಸಿ ತೆಗೆಯಿರಿ. ಆಳದ ನೀರಿನ ಮೇಲೆ ಇನ್‌ಫ್ರಾರೆಡ್‌ನಲ್ಲಿ ಬಿಳಿ ಮಿಂಚು ಕಂಡರೆ ಅದು ಅಲೆಯ ಮೇಲಿನ ಬಿಸಿಲು. ಅಂಥ ಚಿತ್ರ ಬಿಟ್ಟು ಬೇರೆ ದಿನದ್ದು ತೆಗೆದುಕೊಳ್ಳುವುದೇ ಸುಲಭ.

ಇನ್ನು ಅಸಲಿ ಕೆಲಸ. ನೀಲಿ, ಹಸಿರು ಬೆಳಕು ಮಾತ್ರ ಸ್ವಲ್ಪ ಆಳಕ್ಕೆ ಇಳಿದು ವಾಪಸ್ ಬರುತ್ತವೆ. ಆದರೆ ಆಳದಲ್ಲಿರುವ ಬಿಳಿ ಮರಳೂ ಕಪ್ಪಗೆ, ಕಡಿಮೆ ಆಳದಲ್ಲಿರುವ ಪಾಚಿಯೂ ಕಪ್ಪಗೆ ಕಾಣುತ್ತದೆ. ಕಣ್ಣು ಮೋಸ ಹೋಗುತ್ತದೆ ಅಲ್ವಾ? ಅದಕ್ಕೆ ಬೇರೆ ಬೇರೆ ಆಳದಲ್ಲಿರುವ ಮರಳಿನ ಮೂವತ್ತು ಚುಕ್ಕೆ ಆರಿಸಿ. ಪ್ರತಿಯೊಂದರ ನೀಲಿ, ಹಸಿರು ಬೆಳಕಿನ ಅಂಕಿಯಿಂದ, ತಳವೇ ಕಾಣದಷ್ಟು ಆಳದ ನೀರಿನಲ್ಲಿ ಅದೇ ಬಣ್ಣಕ್ಕೆ ಸಿಗುವ ಅಂಕಿ ಕಳೆದು ಲಾಗ್ (ಲಾಗರಿದಮ್) ತೆಗೆಯಿರಿ. ನೀಲಿ ಅಡ್ಡಕ್ಕೆ, ಹಸಿರು ಉದ್ದಕ್ಕೆ ಇಟ್ಟು ಗ್ರಾಫ್ ಹಾಕಿದರೆ ಸುಮಾರಾಗಿ ನೇರ ಗೆರೆ ಬರುತ್ತದೆ. ಆ ಗೆರೆಯ ಇಳಿಜಾರಿನಿಂದ ನೀಲಿಯ ಲಾಗ್ ಗುಣಿಸಿ, ಹಸಿರಿನ ಲಾಗ್‌ನಿಂದ ಕಳೆಯಿರಿ. ಈಗ ಮರಳು ಎಷ್ಟೇ ಆಳದಲ್ಲಿರಲಿ, ಹತ್ತಿರ ಹತ್ತಿರ ಒಂದೇ ಅಂಕಿ. ಪಾಚಿಗೆ ಬೇರೆ ಅಂಕಿ. 1978ರಲ್ಲಿ ಲೈಜೆಂಗಾ ಎಂಬ ವಿಜ್ಞಾನಿ ತೋರಿಸಿಕೊಟ್ಟ ದಾರಿ ಇದು.

ಕಡಲ ಹುಲ್ಲೂ ಪಾಚಿಯ ಹಾಗೇ ಕಾಣಬಹುದು. ಹಾಗಾಗಿ ಸುಮ್ನೆ ಬಣ್ಣ ಬಳಿದು ನಕ್ಷೆ ಅನ್ನಬೇಡಿ. ಜಿಪಿಎಸ್ ಹಿಡಿದು ದೋಣಿಯಲ್ಲಿ ಹೋಗಿ ಜಾಗ ಗುರುತು ಮಾಡಿ. ಅರ್ಧ ಗುರುತು ಕಂಪ್ಯೂಟರ್‌ಗೆ ಕಲಿಸಲು, ಉಳಿದರ್ಧ ಅದನ್ನು ಪರೀಕ್ಷಿಸಲು. ಉಪಗ್ರಹ ಹಾದುಹೋಗುವುದು ಬೆಳಿಗ್ಗೆ ಹತ್ತೂವರೆಯ ಆಸುಪಾಸು. ಆ ಹೊತ್ತಿಗೇ ನೀರಿನಲ್ಲಿರಬೇಕಾದರೆ ದೋಣಿಯವರಿಗೆ ಹಿಂದಿನ ದಿನವೇ ಹೇಳಿಡಿ.