ಶಾಲೆಗೆ ಸಿಎನ್‌ಸಿ ಹುಡುಕಿದ ಕತೆ

ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ವಿಜಯಪುರದ ನನ್ನ ಗೆಳೆಯನೊಬ್ಬ ಚಿಕ್ಕ ಮಶೀನ್ ಶಾಪ್ ನಡೆಸುತ್ತಾನೆ. ನಮ್ಮ ಶಾಲೆಗೊಂದು ಸಿಎನ್‌ಸಿ, ಅಂದರೆ ಕಂಪ್ಯೂಟರ್ ಹೇಳಿದಂತೆ ಕತ್ತರಿಸುವ ಮಶೀನ್, ಬೇಕು ಅಂದಾಗ, ಹಳೆಯ ಲೇತ್ (ಲೋಹವನ್ನು ತಿರುಗಿಸಿ ಕಡೆಯುವ ಮಶೀನ್) ಒಂದನ್ನು ಗುಜರಿ ರೇಟಿಗೆ ಕೊಡಿಸ್ತೀನಿ ಅಂದ. ನಾನು ಕುಣಿದುಬಿಟ್ಟೆ. ಆಮೇಲೆ ಅವನೇ ಕೇಳಿದ: "ಮಾಸ್ತರ, ಇದು ಎರಡು ಟನ್ ಐತಿ. ನಿಮ್ಮ ವರ್ಕ್‌ಶಾಪ್ ಎಷ್ಟನೇ ಮಾಳಿಗಿ?"

ನಮ್ಮದು ಮೊದಲನೇ ಮಹಡಿ. ಸಾಲದ್ದಕ್ಕೆ ಲೇತಿಗೆ 415 ವೋಲ್ಟಿನ ತ್ರೀ ಫೇಸ್ ಬೇಕು. ನಮಗಿರೋದು ಮನೆಗಳಲ್ಲಿರುವಂಥ 230 ವೋಲ್ಟಿನ ಸಿಂಗಲ್ ಫೇಸ್. ಕುಣಿತ ಅಲ್ಲಿಗೇ ನಿಂತಿತು.

ಆಮೇಲೆ ಪೂರ್ತಿ ಉಲ್ಟಾ ಹೋದೆ. 3018 ಅನ್ನುವ ಪುಟ್ಟ ರೂಟರ್ (ತಿರುಗುವ ಟೂಲಿನಿಂದ ಕೆತ್ತುವ ಸಿಎನ್‌ಸಿ) ಒಂದನ್ನು ಸ್ವಂತ ದುಡ್ಡಲ್ಲಿ ತರಿಸಿದೆ. ಬೆಡ್, ಅಂದರೆ ಕೆತ್ತುವ ಜಾಗ, ಬರೀ 300 ಮಿಮೀ ಉದ್ದ, 180 ಅಗಲ. ಮರದ ಮೇಲೆ ಹೆಸರು ಚೆನ್ನಾಗಿಯೇ ಕೆತ್ತಿತು. ಅಲ್ಯೂಮಿನಿಯಂ ಇಟ್ಟೆ ನೋಡಿ, ಕಿರ್ರನೆ ಕೂಗಿತು, ಟೂಲಿನ ತುದಿಗೆ ಲೋಹ ಮೆತ್ತಿಕೊಂಡಿತು, ಟಪ್ ಅಂತ ಮುರಿಯಿತು. ಹೆಂಡತಿಗೆ ಬೆಲೆ ಇನ್ನೂ ಹೇಳಿಲ್ಲ.

ಆಗ ಮಶೀನ್ ನೋಡೋದು ಬಿಟ್ಟು ಟೈಮ್‌ಟೇಬಲ್ ನೋಡಿದೆ. 32 ಮಕ್ಕಳು, 40 ನಿಮಿಷದ ಪೀರಿಯಡ್. ಒಂದು ಜಾಬಿಗೆ (ಮಶೀನಿನಲ್ಲಿ ಕತ್ತರಿಸುವ ಒಂದು ತುಂಡಿಗೆ) 6 ನಿಮಿಷ ಅಂದರೂ ಎಲ್ಲರಿಗೂ ಸೇರಿ 192 ನಿಮಿಷ. ನಾಲ್ವರಿಗೆ ಒಂದು ಜಾಬ್ ಕೊಟ್ಟರೆ 48. ಜಾಬ್ ಕಟ್ಟಿ ಬಿಚ್ಚೋ ಹೊತ್ತು ಬೇರೆ. ಎರಡು ಪೀರಿಯಡ್ ಕೂಡಿಸಿ ಕೊಡಿ ಅಂತ ಹೆಡ್ ಮೇಡಂ ಹತ್ತಿರ ಕೇಳಿಕೊಂಡೆ. ಸ್ಟೀಲಿನ ಆಸೆ ಬಿಟ್ಟೆ. ದೊಡ್ಡ ರೂಟರುಗಳ ಸ್ಪಿಂಡಲ್, ಅಂದರೆ ಟೂಲ್ ಹಿಡಿದು ತಿರುಗುವ ಭಾಗ, ನಿಮಿಷಕ್ಕೆ 24,000 ಸುತ್ತಿನವರೆಗೂ ತಿರುಗುತ್ತದೆ. ಸ್ಟೀಲಿಗೆ ಬೇಕಿರೋದು ಕಡಿಮೆ ವೇಗ, ಜಾಸ್ತಿ ಬಲ, ಅಲುಗಾಡದ ಮೈ. ಮರ, ಅಕ್ರಿಲಿಕ್, ಸ್ವಲ್ಪ ಅಲ್ಯೂಮಿನಿಯಂ ಸಾಕು.

ಮಶೀನ್ ನೋಡೋಕೆ ಹೋದಲ್ಲೆಲ್ಲ ಗೆಳೆಯನ ಡಯಲ್ ಗೇಜ್ (ಕೂದಲೆಳೆಯಷ್ಟು ಚಲನೆಯನ್ನೂ ಮುಳ್ಳಿನಿಂದ ತೋರಿಸುವ ಅಳತೆಗಡಿಯಾರ) ಜೇಬಲ್ಲಿತ್ತು. ಮಾರುವವರು ಮೊದಲೇ ಕೆತ್ತಿಟ್ಟ ಗಣಪತಿ ತೋರಿಸ್ತಾರೆ. ನಾನು ಡಯಲ್ಲನ್ನು ಸ್ಪಿಂಡಲಿಗೆ ತಾಗಿಸಿ ಸೊನ್ನೆಗೆ ತಂದು, 1 ಮಿಮೀ ಮುಂದೆ, 1 ಮಿಮೀ ಹಿಂದೆ ಓಡಿಸಿ ಅನ್ನುತ್ತಿದ್ದೆ. ಒಂದು ಕಡೆ ಮುಳ್ಳು ಸೊನ್ನೆಗೆ ಮರಳದೆ 0.3 ಮಿಮೀ ದೂರದಲ್ಲೇ ನಿಂತಿತು. ಅಷ್ಟು ಪ್ಲೇ (ಸ್ಕ್ರೂವಿನ ಸಡಿಲ) ಇದ್ದರೆ ಏನಾಗುತ್ತೆ ಅಂತ ಅಲ್ಲೇ 50 ಮಿಮೀ ವೃತ್ತ ಕತ್ತರಿಸಿ ತೋರಿಸಿ ಅಂದೆ. ಕಣ್ಣಿಗೆ ಗುಂಡಗೇ ಇತ್ತು. ಅಂಚಿನ ಮೇಲೆ ಉಗುರು ಎಳೆದಾಗ ನಾಲ್ಕು ಕಡೆ ತಡೆಯಿತು, ಮಶೀನ್ ದಿಕ್ಕು ಬದಲಿಸಿದ ಜಾಗಗಳಲ್ಲೇ. ಇನ್ನೊಂದು ಕಡೆ ಬಾಲ್ ಸ್ಕ್ರೂ (ಗುಂಡುಗಳ ಮೇಲೆ ಸಡಿಲವಿಲ್ಲದೆ ತಿರುಗುವ ಸ್ಕ್ರೂ) ಇದ್ದ ಮಶೀನಿನಲ್ಲಿ ಮುಳ್ಳು ಸೊನ್ನೆಗೆ 0.02 ಮಿಮೀ ಹತ್ತಿರ ಬಂತು. ಮನಸ್ಸು ಅಲ್ಲೇ ಒಪ್ಪಿತು.

ಬಾಗಿಲು ತೆಗೆದರೆ ಮಶೀನ್ ನಿಲ್ಲಿಸುವ ಸ್ವಿಚ್ಚನ್ನೂ ಪರೀಕ್ಷಿಸಿ. ಒಂದು ಮಶೀನಿನಲ್ಲಿ ಸ್ಪಿಂಡಲ್ ತಿರುಗುವಾಗಲೇ ಬಾಗಿಲು ತೆಗೆದೆ, ನಿಲ್ಲಲೇ ಇಲ್ಲ. ಬಗ್ಗಿ ನೋಡಿದರೆ ಸ್ವಿಚ್ ಇದೆ, ವೈರೇ ಕೊಟ್ಟಿಲ್ಲ! ಎಂಟನೇ ಕ್ಲಾಸಿನ ಮಕ್ಕಳ ಕೈ ಅಲ್ವಾ, ಅಲ್ಲಿಂದ ಸುಮ್ನೆ ಎದ್ದು ಬಂದೆ.

ಕೊನೆಗೆ ತಂದಿದ್ದು ಬಾಲ್ ಸ್ಕ್ರೂವಿನದೇ, 600 ಬೈ 600ರ ಬೆಡ್. ಸಿಂಗಲ್ ಫೇಸಿನಲ್ಲೇ ಓಡುತ್ತದೆ. ಪ್ರೋಗ್ರಾಂ ಸಾದಾ ಜಿ-ಕೋಡ್, ಅಂದರೆ ಸಿಎನ್‌ಸಿಗೆ ಕೊಡುವ ಆಜ್ಞೆಗಳ ಪಟ್ಟಿ, ನೋಟ್‌ಪ್ಯಾಡಿನಲ್ಲಿ ತೆರೆದು ಓದಬಹುದು. ಈ ಜಿ01 (ನೇರ ಗೆರೆಯಲ್ಲಿ ಕತ್ತರಿಸು), ಎಂ03 (ಸ್ಪಿಂಡಲ್ ತಿರುಗಿಸು) ಆಜ್ಞೆಗಳನ್ನೇ ಮಕ್ಕಳು ನಾಳೆ ಐಟಿಐನಲ್ಲೂ ನೋಡುತ್ತಾರೆ.

ಆ ಪುಟ್ಟ 3018 ಕೂಡ ವ್ಯರ್ಥವಾಗಲಿಲ್ಲ. ಟೂಲ್ ಬಿಚ್ಚಿ ಸ್ಕೆಚ್ ಪೆನ್ ಕಟ್ಟಿದ್ದೇನೆ. ಹೊಸ ಪ್ರೋಗ್ರಾಂ ಮೊದಲು ಅಲ್ಲಿ ಕಾಗದದ ಮೇಲೆ ಓಡಬೇಕು. ಹೋದ ವಾರ ಒಬ್ಬಳು ಮೈನಸ್ ಚಿಹ್ನೆ ಮರೆತಿದ್ದಳು. ಪೆನ್ನು ಕಾಗದ ದಾಟಿ ಟೇಬಲ್ ಮೇಲೆಲ್ಲ ಗೀಚಿತು.