ಮೊದಲು ಬೋಗಿ ಅಳೆಯಿರಿ, ಆಮೇಲೆ ಸ್ಕೇಲ್: ಮಾಡೆಲ್ ರೈಲು ಶುರು ಮಾಡಿದ ಬಗೆ

ಚೆನ್ನೈನ ಇಂಟೆಗ್ರಲ್ ಕೋಚ್ ಫ್ಯಾಕ್ಟರಿಯ (ಐಸಿಎಫ್) ಹಳೆಯ ಮಾದರಿಯ ಬೋಗಿಯೊಂದರ ಉದ್ದ ಬಫರಿನಿಂದ ಬಫರಿಗೆ 22.3 ಮೀಟರ್. ಎಚ್‌ಒ ಎಂಬ ಮಾಡೆಲ್ ಅಳತೆಗೆ ಅದನ್ನು 87ರಿಂದ ಭಾಗಿಸಿದರೆ 25.6 ಸೆಂ.ಮೀ., ಎನ್ ಎಂಬ ಅಳತೆಗೆ 160ರಿಂದ ಭಾಗಿಸಿದರೆ 14 ಸೆಂ.ಮೀ. ಈಗಿನ ಎಲ್‌ಎಚ್‌ಬಿ ಬೋಗಿ 24 ಮೀಟರ್, ಅಂದರೆ 27.6 ಮತ್ತು 15 ಸೆಂ.ಮೀ. ಮಾಡೆಲ್ ರೈಲಿಗೆ ಕೈ ಹಾಕುವ ಮುಂಚೆ ನಾನು ಕಾಗದದ ಮೇಲೆ ಮಾಡಿದ ಲೆಕ್ಕ ಇಷ್ಟೇ. ಯಾವ ಸ್ಕೇಲ್, ಯಾವ ಹಳಿ, ಎಷ್ಟು ಪ್ಲೈವುಡ್ ಎನ್ನುವುದೆಲ್ಲ ಇದರ ಹಿಂದೆಯೇ ಬಂತು.

ಸ್ಕೇಲ್ ಬೇರೆ, ಗೇಜ್ ಬೇರೆ. ಸ್ಕೇಲ್ ಅಂದರೆ ನಿಜದ ರೈಲನ್ನು ಎಷ್ಟು ಪಾಲು ಕುಗ್ಗಿಸಿದ್ದಾರೆ ಎಂಬುದು. ಗೇಜ್ ಅಂದರೆ ಎರಡು ಹಳಿಗಳ ಒಳ ಅಂಚಿನ ನಡುವಿನ ಅಂತರ. ಎಚ್‌ಒ ಸ್ಕೇಲ್ 1:87, ಗೇಜ್ 16.5 ಮಿ.ಮೀ. ಬ್ರಿಟನ್ನಿನ ಒಒ ಸ್ಕೇಲ್ 1:76, ಆದರೆ ಓಡುವುದು ಅದೇ 16.5 ಮಿ.ಮೀ. ಹಳಿಯ ಮೇಲೆ. ಅಲ್ಲಿನ ಎಂಜಿನ್‌ಗಳು ಯುರೋಪಿನವಕ್ಕಿಂತ ಚಿಕ್ಕವು. 1:87ಕ್ಕೆ ಕುಗ್ಗಿಸಿದರೆ ಆ ಕಾಲದ ಮೋಟರ್ ಒಳಗೆ ಕೂರುತ್ತಿರಲಿಲ್ಲ, ಹಾಗಾಗಿ ಮೈ ಮಾತ್ರ ದೊಡ್ಡದು ಮಾಡಿದರು. ಎರಡೂ ಒಂದೇ ಹಳಿಯಲ್ಲಿ ಓಡುತ್ತವೆ ಎಂದು ಒಒ ಎಂಜಿನ್ನಿಗೆ ಎಚ್‌ಒ ಬೋಗಿ ಕಟ್ಟಿದರೆ ಬೋಗಿ ಕುಳ್ಳಗೆ ಕಾಣುತ್ತದೆ, ಕೊಂಡಿಯೂ ಕೂಡುವುದಿಲ್ಲ. ಎನ್ ಸ್ಕೇಲ್‌ನದು 9 ಮಿ.ಮೀ. ಗೇಜ್, ಅಮೆರಿಕ, ಯುರೋಪಿನಲ್ಲಿ 1:160, ಬ್ರಿಟನ್ನಿನಲ್ಲಿ 1:148, ಜಪಾನಿನ ಮಾಮೂಲಿ ರೈಲುಗಳಿಗೆ 1:150. ಟಿಟಿ 1:120, 12 ಮಿ.ಮೀ. 1972ರಲ್ಲಿ ಮಾರ್ಕ್ಲಿನ್ ತಂದ ಝಡ್ ಇನ್ನೂ ಚಿಕ್ಕದು: 1:220, 6.5 ಮಿ.ಮೀ. ಕಲಿಯುವವರಿಗೆ ಝಡ್ ಬೇಡ. ಎಂಜಿನ್ ಎಷ್ಟು ಹಗುರವೆಂದರೆ ಹಳಿಯ ಮೇಲೆ ಒಂದು ಕೂದಲೆಳೆ ಬಿದ್ದರೂ ನಿಲ್ಲುತ್ತದೆ.

ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ. ಎಚ್‌ಒದಲ್ಲಿ ಅದು 19.3 ಮಿ.ಮೀ. ಆಗಬೇಕು, ಸಿಗುವ ಹಳಿ 16.5. ಅಂದರೆ ಭಾರತೀಯ ಎಂಜಿನ್ನಿನ ಎಚ್‌ಒ ಮಾದರಿಯನ್ನು ಎದುರಿನಿಂದ ನೋಡಿದರೆ ಗಾಲಿಗಳು ಮೈಯೊಳಗೆ ಸರಿದು ನಿಂತಿರುತ್ತವೆ. ಪಕ್ಕದಿಂದ ನೋಡಿದರೆ ಗೊತ್ತಾಗುವುದಿಲ್ಲ, ನಾನು ತಲೆ ಕೆಡಿಸಿಕೊಂಡಿಲ್ಲ. ತದ್ರೂಪವೇ ಬೇಕೆನ್ನುವವರಿಗೆ ನ್ಯಾರೋಗೇಜ್‌ನಲ್ಲಿ ಒಳ್ಳೆಯ ದಾರಿ ಇದೆ. ಬಂಗಾರಪೇಟೆ, ಕೋಲಾರ, ಚಿಂತಾಮಣಿ, ಚಿಕ್ಕಬಳ್ಳಾಪುರ, ಯಲಹಂಕದ ಹಳೆಯ ಪುಟ್ಟ ಮಾರ್ಗ 762 ಮಿ.ಮೀ. ಇತ್ತು; 87ರಿಂದ ಭಾಗಿಸಿದರೆ 8.8. ಎನ್ ಸ್ಕೇಲ್‌ನ 9 ಮಿ.ಮೀ. ಹಳಿ ತಂದು, ಎನ್ ಎಂಜಿನ್ನಿನ ಚಾಸಿ ಮೇಲೆ ಎಚ್‌ಒ ಅಳತೆಯ ಮೈ ಕೂರಿಸಿದರೆ ಲೆಕ್ಕ ಹೆಚ್ಚುಕಡಿಮೆ ಸರಿ. ಮೈ ಮಾತ್ರ ನೀವೇ ಕಟ್ಟಿಕೊಳ್ಳಬೇಕು.

ಜಾಗವನ್ನು ತಿನ್ನುವುದು ತಿರುವು. ಈ ಹವ್ಯಾಸದವರು ಬಳಸುವ ಅಂದಾಜು ಹೀಗಿದೆ: ತಿರುವಿನ ತ್ರಿಜ್ಯ ಅತಿ ಉದ್ದದ ಬೋಗಿಯ ಎರಡು ಪಟ್ಟಾದರೂ ಇರಬೇಕು. ಎರಡೂವರೆ ಪಟ್ಟಿದ್ದರೆ ನಿಶ್ಚಿಂತೆ, ಮೂರು ಪಟ್ಟಾದರೆ ಕಣ್ಣಿಗೂ ಚೆನ್ನ. ಎಚ್‌ಒದಲ್ಲಿ ಎಲ್‌ಎಚ್‌ಬಿ ಓಡಿಸಲು ಎರಡೂವರೆ ಪಟ್ಟು ಅಂದರೆ 690 ಮಿ.ಮೀ. ತ್ರಿಜ್ಯ. ಇಡೀ ಸುತ್ತು ತಿರುಗಿಸಲು ಅಂಚೂ ಸೇರಿ ಒಂದೂವರೆ ಮೀಟರ್ ಅಗಲದ ಹಲಗೆ ಬೇಕು. ಅಂಗಡಿಯಲ್ಲಿ ಸಿಗುವ 8×4 ಅಡಿ ಪ್ಲೈವುಡ್ಡಿನ ಅಗಲ 1220 ಮಿ.ಮೀ. ಅಂಚಿಗೆ 40 ಮಿ.ಮೀ. ಬಿಟ್ಟರೆ ಸಿಗುವ ತ್ರಿಜ್ಯ 570, ಎರಡು ಪಟ್ಟಿಗಿಂತ ಕೂದಲೆಳೆ ಹೆಚ್ಚು. ಸ್ಟಾರ್ಟರ್ ಸೆಟ್ಟಿನಲ್ಲಿ ಬರುವ ಹಳಿಗಳು ಇನ್ನೂ ಬಿಗಿ, ಸಾಮಾನ್ಯವಾಗಿ 371 ಅಥವಾ 438 ಮಿ.ಮೀ. ಅದರ ಮೇಲೆ ಉದ್ದ ಬೋಗಿ ಹೋದರೆ ಕೊಂಡಿ ಪಕ್ಕಕ್ಕೆ ಎಳೆದು ಗಾಲಿ ಹಳಿಯಿಂದ ಏಳುತ್ತದೆ. ಇದು ಗಾಲಿಯ ದೋಷವೂ ಅಲ್ಲ, ಹಳಿಯ ದೋಷವೂ ಅಲ್ಲ.

ಅಂದಹಾಗೆ, ನಿಜದ ಬ್ರಾಡ್‌ಗೇಜ್‌ನಲ್ಲಿ ಬಿಡುವ ಅತಿ ಬಿಗಿ ತಿರುವು 10 ಡಿಗ್ರಿ, ಅಂದರೆ 175 ಮೀಟರ್ ತ್ರಿಜ್ಯ. ಎಚ್‌ಒದಲ್ಲೂ ಅದು ಎರಡು ಮೀಟರ್! ಮನೆಯೊಳಗೆ ನಾವು ಹಾಕುವ ತಿರುವು ಎಲ್ಲವೂ ಸುಳ್ಳು. ಎಷ್ಟು ಸುಳ್ಳು ಹೇಳಬಹುದು ಎಂಬುದಷ್ಟೇ ಪ್ರಶ್ನೆ.

ಇನ್ನೊಂದು ಅಳತೆಯನ್ನು ಬಹಳ ಜನ ಮರೆಯುತ್ತಾರೆ, ಕೈ ಉದ್ದ. ಹಲಗೆಯ ಅಂಚಿನಿಂದ ಬಗ್ಗಿ, ಎದುರಿನ ಸಿಗ್ನಲ್ಲು ಮುರಿಯದೆ, ಹಳಿ ತಪ್ಪಿದ ಬೋಗಿಯನ್ನು ಎತ್ತಿಡಲು ಆಗುವುದು 600ರಿಂದ 700 ಮಿ.ಮೀ. ದೂರದವರೆಗೆ. ನಾಲ್ಕಡಿ ಅಗಲದ ಹಲಗೆಯನ್ನು ಗೋಡೆಗೆ ಒರಗಿಸಿದರೆ ಆಚೆ ಬದಿ ಕೈಗೆ ಸಿಗುವುದಿಲ್ಲ. ಕೋಣೆಯ ನಡುವೆ ಇಡಬೇಕು, ಸುತ್ತ ಓಡಾಡಲು ಎರಡಡಿ ಬೇಕು. 10×10 ಅಡಿಯ ಕೋಣೆಯಲ್ಲಿ 8×4 ಹಲಗೆ ಇಟ್ಟಮೇಲೆ ಮಂಚಕ್ಕೆ ಜಾಗವಿಲ್ಲ.

ಇಷ್ಟು ಕೂಡಿ ಕಳೆದಮೇಲೆ ನಾನು ಎನ್ ಆರಿಸಿಕೊಂಡೆ. ಆದರೆ ಎಲ್ಲರಿಗೂ ಎನ್ ಎನ್ನಲಾರೆ. ಭಾರತೀಯ ರೈಲಿನ ಮಾದರಿಗಳು ಬರುವುದು ಹೆಚ್ಚಾಗಿ ಎಚ್‌ಒದಲ್ಲಿ. ಎನ್ ಅಂದರೆ ಜಪಾನ್, ಅಮೆರಿಕ, ಯುರೋಪಿನ ರೈಲು ಓಡಿಸಬೇಕು, ಇಲ್ಲವೇ ಮೈಯನ್ನು ತ್ರೀಡಿ ಪ್ರಿಂಟ್ ಮಾಡಿಕೊಳ್ಳಬೇಕು. ಎನ್ ಗಾಲಿಯನ್ನು ಹಳಿಗೆ ಕೂರಿಸಲು ಕಣ್ಣೂ ಸೂಕ್ಷ್ಮ ಬೇಕು, ಓದುವ ಕನ್ನಡಕ ಬಂದವರಿಗೆ ಕಷ್ಟ. ನಮ್ಮ ರೈಲೇ ಬೇಕು, ಜಾಗ ಮಾತ್ರ ಕಡಿಮೆ ಎನ್ನುವವರು ಪ್ಯಾಸೆಂಜರ್ ಬೋಗಿ ಬಿಟ್ಟು ಗೂಡ್ಸ್ ಹಿಡಿಯಿರಿ. ಬಾಕ್ಸ್‌ಎನ್ ವ್ಯಾಗನ್ ಕೊಂಡಿಯಿಂದ ಕೊಂಡಿಗೆ 10.7 ಮೀಟರ್, ಎಚ್‌ಒದಲ್ಲಿ 123 ಮಿ.ಮೀ. ಮಾತ್ರ. 438 ತ್ರಿಜ್ಯ ಅದಕ್ಕೆ ಮೂರೂವರೆ ಪಟ್ಟು. ಎಂಜಿನ್ನಿಗೆ ಡಬ್ಲ್ಯೂಡಿಎಂ-2 ತೆಗೆದುಕೊಂಡರೆ 197 ಮಿ.ಮೀ., ಅದೂ ದಾಟುತ್ತದೆ. ಸುತ್ತೇ ಬೇಡ ಎಂದರೆ ಗೋಡೆಗುಂಟ 8 ಅಡಿ ಉದ್ದ, ಒಂದೂಕಾಲು ಅಡಿ ಅಗಲದ ಹಲಗೆ, ಹಳಿ ಕವಲೊಡೆಯುವ ಪಾಯಿಂಟು ಮೂರು, ಒಂದು ಗೂಡ್ಸ್ ಶೆಡ್ಡು. ವ್ಯಾಗನ್ನುಗಳನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ಸರಿಸುವ ಶಂಟಿಂಗ್ ಮಾಡುತ್ತ ಕೂತರೆ ಸಂಜೆ ಕಳೆಯುತ್ತದೆ. ನನ್ನ ಕೇಳಿದರೆ ಸುಮ್ಮನೆ ಸುತ್ತುವ ರೈಲಿಗಿಂತ ಅದೇ ವಾಸಿ.

ನನ್ನ ಎನ್ ಹಲಗೆ 6×2.5 ಅಡಿ, ಅಂದರೆ 1830×760 ಮಿ.ಮೀ. 12 ಮಿ.ಮೀ. ದಪ್ಪದ ಒಂದೇ 8×4 ಪ್ಲೈವುಡ್ಡಿನಲ್ಲಿ ಹಲಗೆಯೂ ಆಯಿತು, ಚೌಕಟ್ಟೂ ಆಯಿತು. ಅಗಲದಲ್ಲಿ 760 ತೆಗೆದಮೇಲೆ 460 ಅಗಲದ ಉದ್ದ ತುಂಡು ಉಳಿಯುತ್ತದೆ. ಅದನ್ನು ಅಂಗಡಿಯ ಗರಗಸದಲ್ಲೇ 75 ಮಿ.ಮೀ. ಪಟ್ಟಿಗಳಾಗಿ ಸೀಳಿಸಿ. ಎರಡು ಪಟ್ಟಿಯಿಂದ 1830ರ ಉದ್ದ ಬದಿಗಳು. ಇನ್ನೆರಡರಿಂದ 736 ಮಿ.ಮೀ.ಯ ಆರು ಅಡ್ಡಪಟ್ಟಿ ಬರುತ್ತವೆ, ಹಾಕಬೇಕಾದ್ದು ಐದು. ಅಡ್ಡಪಟ್ಟಿಗಳ ನಡುವೆ ವೈರು ದಾಟಲು ಮೊದಲೇ 20 ಮಿ.ಮೀ. ತೂತು ಕೊರೆದಿಡಿ, ಜೋಡಿಸಿದಮೇಲೆ ಡ್ರಿಲ್ಲು ಒಳಗೆ ಹೋಗುವುದಿಲ್ಲ. ಹಲಗೆಯ ಅಡಿಬದಿ ಮತ್ತು ಅಂಚುಗಳಿಗೆ ಎರಡು ಕೋಟ್ ಪೇಂಟ್ ಬಳಿಯಿರಿ. ಮೇಲ್ಬದಿ ಮಾತ್ರ ಬಳಿದರೆ ಮಳೆಗಾಲದಲ್ಲಿ ಅಡಿ ತೇವ ಹೀರಿ ಹಲಗೆ ಬಿಲ್ಲಿನಂತೆ ಬಾಗುತ್ತದೆ. ಮಲೆನಾಡು, ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಳಿಗೆ ಕಾಟೋ ಕಂಪನಿಯ ಯೂನಿಟ್ರ್ಯಾಕ್, ಜಲ್ಲಿ ದಿಬ್ಬ ಸೇರಿಯೇ ಅಚ್ಚಾದದ್ದು. 315 ಮಿ.ಮೀ. ತ್ರಿಜ್ಯದ 45 ಡಿಗ್ರಿ ತುಂಡು ಎಂಟು, 248 ಮಿ.ಮೀ. ನೇರ ತುಂಡು ಎಂಟು. ಸುತ್ತು 1622×630 ಮಿ.ಮೀ., ಹಲಗೆಯಲ್ಲಿ ಸುತ್ತ ಜಾಗ ಉಳಿಯುತ್ತದೆ. ಒಂದು ರೈಲನ್ನು ನಿಲ್ಲಿಸಿ ಇನ್ನೊಂದನ್ನು ಬಿಡುವ ಪಕ್ಕದ ಹಳಿ, ಅಂದರೆ ಕ್ರಾಸಿಂಗ್ ಲೂಪ್ ಹಾಕುವಾಗ ಎಚ್ಚರ. ನೇರ ಬದಿ ಇರುವುದು 992 ಮಿ.ಮೀ.; ಎರಡು ತುದಿಯ ಪಾಯಿಂಟು, ಅವುಗಳ ಹಿಂದಿನ ವಾಪಸ್ ತಿರುವು ಸೇರಿ ಮುಕ್ಕಾಲು ಪಾಲು ತಿನ್ನುತ್ತವೆ. ಲೂಪಿನಲ್ಲಿ ಎಂಜಿನ್ನಿಗೆ ಒಂದೂವರೆ ಬೋಗಿ ನಿಂತರೆ ಹೆಚ್ಚು. ಹಾಗಾಗಿ ಒಂದು ತುದಿಯ ಪಾಯಿಂಟನ್ನು ತಿರುವು ಕಳೆದಮೇಲೆ ಎದುರು ಬದಿಗೆ ಒಯ್ದೆ, ಲೂಪು ತಿರುವಿನೊಳಗೇ ಹಾಯುತ್ತದೆ. ಒಳಸುತ್ತಿನ ತ್ರಿಜ್ಯ 282ಕ್ಕೆ ಇಳಿಯಿತು, 15 ಸೆಂ.ಮೀ. ಬೋಗಿ ಅಲ್ಲಿ ನಿಧಾನಕ್ಕೆ ಮಾತ್ರ.

ಸೇತುವೆ, ಏರು ಎಲ್ಲ ಮೊದಲ ಹಲಗೆಯಲ್ಲಿ ಬೇಡ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ಏರು 1:50, ಅಂದರೆ ಶೇಕಡಾ 2. ಮನೆಯಲ್ಲೂ ಅದೇ ಒಳ್ಳೆಯ ಮಿತಿ. ಎನ್‌ನಲ್ಲಿ ಒಂದು ಹಳಿಯ ಮೇಲೆ ಇನ್ನೊಂದು ದಾಟಲು 45 ಮಿ.ಮೀ. ಏರಬೇಕು, ಶೇಕಡಾ 2ರಲ್ಲಿ ಅದಕ್ಕೆ ಎರಡೂಕಾಲು ಮೀಟರ್ ಓಟ. ಇಳಿಯಲು ಮತ್ತಷ್ಟೇ. ನನ್ನ ಇಡೀ ಸುತ್ತಿನ ಉದ್ದ ನಾಲ್ಕು ಮೀಟರಿಗೂ ಚೂರು ಕಡಿಮೆ.

ಕರೆಂಟಿನ ವಿಷಯಕ್ಕೆ ಬಂದರೆ, ಸಾಮಾನ್ಯ ಡಿಸಿ ಪದ್ಧತಿಯಲ್ಲಿ ಹಳಿಗೆ ಸೊನ್ನೆಯಿಂದ 12 ವೋಲ್ಟ್. ಒಂದು ಹಳಿ ಪ್ಲಸ್, ಇನ್ನೊಂದು ಮೈನಸ್; ಅದಲುಬದಲು ಮಾಡಿದರೆ ರೈಲು ಹಿಂದಕ್ಕೆ. ವಿದೇಶದಿಂದ ನೆಂಟರು ತಂದುಕೊಟ್ಟ ಸೆಟ್ಟಾದರೆ ಮೊದಲು ಟ್ರಾನ್ಸ್‌ಫಾರ್ಮರಿನ ಚೀಟಿ ಓದಿ. ಅಮೆರಿಕದ್ದು 120 ವೋಲ್ಟ್, ಜಪಾನಿನದು 100; ಪ್ಲಗ್ ಅಡಾಪ್ಟರ್ ಹಾಕಿ ನಮ್ಮ 230ಕ್ಕೆ ಚುಚ್ಚಿದರೆ ಹೊಗೆ. ಜರ್ಮನಿಯಿಂದ ಬಂದ ಮಾರ್ಕ್ಲಿನ್ ಎಚ್‌ಒ ಆದರೆ ಇನ್ನೊಂದು ತೊಡಕು: ಅದು ಹಳಿಗಳ ನಡುವಿನ ಪುಟ್ಟ ಮೊಳೆಸಾಲಿನಿಂದ ಕರೆಂಟು ಪಡೆಯುವ ಪದ್ಧತಿ, ಎಡಬಲ ಗಾಲಿಗಳ ನಡುವೆ ಇನ್ಸುಲೇಶನ್ ಇಲ್ಲ. ಎರಡು ಹಳಿಯ ಪದ್ಧತಿಯ ಮೇಲೆ ಇಟ್ಟ ತಕ್ಷಣ ಶಾರ್ಟ್. ಇಲ್ಲೇ ಕೂತು ತರಿಸುವವರಿಗೆ ಕಸ್ಟಮ್ಸ್ ಹೊರೆ: ಆಟಿಕೆಗಳ ಮೂಲ ಸುಂಕ 2020ರಲ್ಲಿ ಶೇಕಡಾ 20ರಿಂದ 60ಕ್ಕೂ 2023ರಲ್ಲಿ 70ಕ್ಕೂ ಏರಿತು. ಎಂಜಿನ್, ಪವರ್‌ಪ್ಯಾಕ್ ಹೊರಗಿನಿಂದ ತಂದು ಉಳಿದದ್ದನ್ನೆಲ್ಲ ಇಲ್ಲೇ ಹೊಂದಿಸಿಕೊಳ್ಳುವುದು ಜಾಣತನ.

ರೈಲು ಪವರ್‌ಪ್ಯಾಕಿನ ಹತ್ತಿರ ಜೋರಾಗಿ, ಆಚೆ ತುದಿಯಲ್ಲಿ ತೆವಳುತ್ತ ಓಡಿದರೆ ಮೋಟರನ್ನು ಬಿಚ್ಚಬೇಡಿ. ಹಳಿ ತುಂಡುಗಳನ್ನು ಕೂಡಿಸುವ ಫಿಶ್‌ಪ್ಲೇಟ್ ಸಡಿಲವಾಗಿ ವೋಲ್ಟೇಜು ಕಳೆಯುತ್ತಿದೆ. ಹಲಗೆಯ ಕೆಳಗೆ 1.5 ಚದರ ಮಿ.ಮೀ.ಯ ಕೆಂಪು, ಕಪ್ಪು ಎರಡು ಮುಖ್ಯ ವೈರು ಎಳೆದು, ಮೀಟರಿಗೊಂದರಂತೆ ಹಳಿಗೆ 0.5 ಚದರ ಮಿ.ಮೀ. ಸಣ್ಣ ವೈರು ಕೊಡಿ. ಯೂನಿಟ್ರ್ಯಾಕಿಗೆ ವೈರು ಕೂಡಿದ ಜಾಯಿನರುಗಳೇ ಸಿಗುತ್ತವೆ. ಬೇಕಾದಂತೆ ಬಗ್ಗುವ ಫ್ಲೆಕ್ಸಿ ಹಳಿಯಾದರೆ ಬೆಸೆಯಬೇಕು. ಹಳಿಯ ಹೊರಬದಿಯ ನಡುಭಾಗವನ್ನು ಸಣ್ಣ ಅರದಿಂದ ಹೊಳೆಯುವಂತೆ ಉಜ್ಜಿ, ಫ್ಲಕ್ಸ್ ಸವರಿ, ಕಾದ 25 ವ್ಯಾಟ್ ಸೋಲ್ಡರಿಂಗ್ ಐರನ್ನಿನಿಂದ ಒಂದು ತೊಟ್ಟು ಬೆಸುಗೆ ಲೆಡ್ ಹತ್ತಿಸಿ. ವೈರಿನ ತುದಿಗೂ ಲೆಡ್ ಹಿಡಿಸಿ, ಕೊಕ್ಕೆಯಂತೆ ಬಗ್ಗಿಸಿ ಹಳಿಗೆ ಒತ್ತಿ. ಐರನ್ ತಾಗಿರಬೇಕಾದ್ದು ಎರಡು ಮೂರು ಸೆಕೆಂಡು. ಎರಡೂ ಪಕ್ಕದಲ್ಲಿ ಒದ್ದೆ ಹತ್ತಿ ಇಟ್ಟರೆ ಪ್ಲಾಸ್ಟಿಕ್ ಸ್ಲೀಪರು ಕರಗುವುದಿಲ್ಲ. ಹೆಚ್ಚು ಹೊತ್ತು ಹಿಡಿದರೆ ಸ್ಲೀಪರ್ ಮೆದುವಾಗಿ ಗೇಜ್ ಕೆಡುತ್ತದೆ, ಅದು ತಿಂಗಳ ನಂತರ ಹಳಿ ತಪ್ಪಿದಾಗ ಗೊತ್ತಾಗುತ್ತದೆ. ಪ್ರತಿ ವೈರು ಬೆಸೆದಾಗಲೂ ಮಲ್ಟಿಮೀಟರಿನಲ್ಲಿ ಎರಡು ಹಳಿಗಳ ನಡುವೆ ಬೀಪ್ ಬರುತ್ತಿಲ್ಲ ಎಂದು ನೋಡಿಕೊಂಡೇ ಮುಂದಿನದಕ್ಕೆ ಹೋಗಿ. ಹತ್ತು ವೈರು ಬೆಸೆದಮೇಲೆ ಶಾರ್ಟ್ ಹುಡುಕುವುದು ಬೇರೆಯದೇ ಶಿಕ್ಷೆ. ಫ್ಲೆಕ್ಸಿ ಹಳಿ ಕೂಡುವಲ್ಲಿ ಅರ್ಧ ಮಿ.ಮೀ. ಸಂದು ಬಿಡಿ: ಸೆಖೆ 20 ಡಿಗ್ರಿ ಏರಿದರೆ 914 ಮಿ.ಮೀ. ಹಳಿ 0.3 ಮಿ.ಮೀ.ಯಷ್ಟು ಬೆಳೆಯುತ್ತದೆ. ಒತ್ತಿ ಕೂಡಿಸಿದ್ದರೆ ಏಪ್ರಿಲ್‌ನಲ್ಲಿ ಹಾವಿನಂತೆ ಡೊಂಕಾಗುತ್ತದೆ.

ಹೋದ ರೈಲು ಅದೇ ಹಳಿಗೆ ತಿರುಗಿ ಬರುವ ಬಲೂನ್ ಲೂಪನ್ನು ಮೊದಲ ನಕ್ಷೆಯಲ್ಲಿ ಇಡಬೇಡಿ. ಎಡ ಹಳಿ ಸುತ್ತಿ ಬಂದು ಬಲ ಹಳಿಗೆ ಸೇರುತ್ತದೆ, ಅದೇ ಶಾರ್ಟ್. ಎರಡೂ ತುದಿಯಲ್ಲಿ ಎರಡೂ ಹಳಿ ಕತ್ತರಿಸಿ, ಪ್ಲಾಸ್ಟಿಕ್ ಜಾಯಿನರ್ ಹಾಕಿ, ಒಳಗಿನ ತುಂಡಿಗೆ ಬೇರೆ ಸ್ವಿಚ್ ಕೊಡಬೇಕಾಗುತ್ತದೆ. ಪ್ರತಿ ಎಂಜಿನ್ನಿಗೂ ಬೇರೆ ಬೇರೆ ಡಿಜಿಟಲ್ ಆಜ್ಞೆ ಕಳಿಸುವ ಡಿಸಿಸಿ ಪದ್ಧತಿಯ ಆಸೆ ಇದ್ದರೂ ಶುರು ಡಿಸಿಯಲ್ಲೇ ಮಾಡಿ. ಆ ಆಜ್ಞೆ ಓದುವ ಡಿಕೋಡರಿಗೆ ಸಾಕೆಟ್ ಇರುವ ಎಂಜಿನ್ ಮಾತ್ರ ಕೊಂಡಿಟ್ಟರೆ ಸಾಕು. ವೈರಿಂಗ್ ಸರಿ ಇದ್ದರೆ ನಾಳೆ ಪವರ್‌ಪ್ಯಾಕ್ ಬದಲಿಸಿ, ಎಂಜಿನ್ನಿಗೆ ಡಿಕೋಡರ್ ಚುಚ್ಚುವುದಷ್ಟೇ ಕೆಲಸ.

ಹಳಿ ತಪ್ಪುವುದಕ್ಕೆ ನಾನು ಹುಡುಕುವ ಕ್ರಮ: ಒಂದೇ ಜಾಗದಲ್ಲಿ ಎಲ್ಲ ಬೋಗಿ ತಪ್ಪಿದರೆ ಹಳಿ, ಎಲ್ಲ ಜಾಗದಲ್ಲಿ ಒಂದೇ ಬೋಗಿ ತಪ್ಪಿದರೆ ಬೋಗಿ. ಹಳಿಯಾದರೆ ಕೀಲಿನ ಮೇಲೆ ಬೆರಳುಗುರು ಎಳೆಯಿರಿ. ಎಡವಿದ ಕಡೆ ಒಂದು ಹಳಿ ಫಿಶ್‌ಪ್ಲೇಟಿನ ಮೇಲೆ ಹತ್ತಿ ಕೂತಿದೆ. ಬೋಗಿಯಾದರೆ ವರ್ನಿಯರಿನಲ್ಲಿ ಗಾಲಿಗಳ ಒಳಮುಖದ ಅಂತರ ನೋಡಿ, ಎಚ್‌ಒದಲ್ಲಿ 14.4 ಮಿ.ಮೀ. ಆಸುಪಾಸು ಇರಬೇಕು. ಅದೂ ಸರಿ ಇದ್ದರೆ ತೂಕ. ಅಮೆರಿಕದ ಮಾಡೆಲ್ ರೈಲು ಸಂಘ ಎನ್‌ಎಂಆರ್‌ಎ ಲೆಕ್ಕದಲ್ಲಿ 25 ಸೆಂ.ಮೀ. ಎಚ್‌ಒ ಬೋಗಿಗೆ 170 ಗ್ರಾಂ, 15 ಸೆಂ.ಮೀ. ಎನ್ ಬೋಗಿಗೆ 40 ಗ್ರಾಂ. ಕಡಿಮೆ ಬಿದ್ದರೆ ಒಳಗೆ ನೆಲದ ಮೇಲೆ, ನಡುವಿಗೆ, ನಟ್ಟು ಅಂಟಿಸಿ. ಚಾವಣಿಗೆ ಅಂಟಿಸಿದರೆ ತಿರುವಿನಲ್ಲಿ ಮಗುಚುತ್ತದೆ.

ನಮ್ಮ ಮನೆಗಳಲ್ಲಿ ಹಳಿಗೆ ದೊಡ್ಡ ಶತ್ರು ಧೂಳಲ್ಲ, ಒಗ್ಗರಣೆ. ಎಣ್ಣೆಯ ಹಬೆ ಹಳಿಯ ಮೇಲೆ ತೆಳ್ಳಗೆ ಕೂತು, ಅದರ ಮೇಲೆ ಧೂಳು ಅಂಟಿ ಕಪ್ಪು ಪದರವಾಗುತ್ತದೆ. ಹಲಗೆ ಅಡುಗೆಮನೆಯಿಂದ ದೂರವಿರಲಿ, ಓಡಿಸದಾಗ ಹಳೆಯ ಪಂಚೆ ಹೊದಿಸಿ. ಮಾಸಿದರೆ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಬಟ್ಟೆಯಿಂದ ಒರೆಸಿ, ಎಂಜಿನ್ನಿನ ಗಾಲಿಯನ್ನೂ. ಉಪ್ಪುಕಾಗದ ಮುಟ್ಟಿಸಬೇಡಿ, ಅದು ಬಿಟ್ಟ ಗೀರಿನಲ್ಲೇ ಮುಂದಿನ ಕೊಳೆ ಕೂರುತ್ತದೆ. ಹಳೆಯ ಹಳಿ ಕೊಳ್ಳುವಾಗ ಜೇಬಿನಲ್ಲಿ ಆಯಸ್ಕಾಂತ ಇರಲಿ. ಹಿಡಿದರೆ ಉಕ್ಕು, ತುಕ್ಕು ಹಿಡಿಯುತ್ತದೆ. ಹಳದಿ ಇದ್ದರೆ ಹಿತ್ತಾಳೆ, ಬೇಗ ಮಂಕಾಗಿ ಕರೆಂಟು ತಡೆಯುತ್ತದೆ. ಬಿಳಿಬಣ್ಣದ, ಆಯಸ್ಕಾಂತಕ್ಕೆ ಸಿಗದ ನಿಕ್ಕಲ್ ಸಿಲ್ವರ್ ಮಾತ್ರ ತನ್ನಿ.

ಫ್ಲೆಕ್ಸಿ ಹಳಿಗೆ ಜಲ್ಲಿ ಹಾಕುವುದು ಕಟ್ಟಕಡೆಗೆ, ಕಡಿಮೆ ಎಂದರೆ ಒಂದು ತಿಂಗಳು ರೈಲು ಓಡಿಸಿದ ಮೇಲೆ. ಸಣ್ಣ ಬ್ರಷ್ಷಿನಿಂದ ಜಲ್ಲಿ ಹರಡಿ, ನೀರಿಗೆ ಒಂದು ತೊಟ್ಟು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಸಿಂಪಡಿಸಿ, ಆಮೇಲೆ ಸಮಪಾಲು ನೀರು ಬೆರೆಸಿದ ಫೆವಿಕಾಲನ್ನು ಸಿರಿಂಜಿನಲ್ಲಿ ತೊಟ್ಟಿಕ್ಕಿಸಿ. ಲಿಕ್ವಿಡ್ ಮರೆತರೆ ಫೆವಿಕಾಲ್ ಇಳಿಯದೆ ಜಲ್ಲಿಯ ಮೇಲೆ ಮುತ್ತಿನಂತೆ ನಿಲ್ಲುತ್ತದೆ. ಪಾಯಿಂಟಿನ ಚಲಿಸುವ ನಾಲಿಗೆಯ ಕೆಳಗೆ ಮಾತ್ರ ಒಂದು ಕಾಳೂ ಬೇಡ, ಒಂದು ಹನಿಯೂ ಬೇಡ: ಅಲ್ಲಿಗೆ ಕಂದು ಬಣ್ಣ ಬಳಿದು ಬಿಡಿ.